ಗರಗಸದ ಹಲ್ಲು ನೆಟ್ಟಗಾದ ದಿನ

"ನೀ ಒತ್ತಾಕತ್ತೀದಿ!"

"ನಾ ಯಾಕ ಒತ್ತಲಿ? ನೀನೇ ಒತ್ತಾಕತ್ತೀದಿ!"

"ನಿನ್ನೆ ಮೊನ್ನೆ ಗರಗಸ ಹಿಡಿದಾಂವ ಏನು ನಾನು? ಒತ್ತಬಾರದು ಅಂತ ನನಗ ಗೊತ್ತಿಲ್ಲೇನು?"

"ಗೊತ್ತಿದ್ರ ಎಳಿ ಮತ್ತ! ಬಾಯಿ ಯಾಕ ಮಾಡ್ತಿ?"

ಭೀಮಶ್ಯಾ ಈ ಕಡೆಯಿಂದ ಎಳೆದ. ಅಲ್ಲಾವುದ್ದೀನ ಆ ಕಡೆಯಿಂದ ಎಳೆದ. ಗರಗಸ ಮಿಸುಕಲಿಲ್ಲ. ದಪ್ಪನೆಯ ನೀಲಗಿರಿ ಗಿಡ ಅದನ್ನು ಅರ್ಧಕ್ಕೇ ಕಚ್ಚಿ ಹಿಡಿದಿತ್ತು.

ಲುಂಬಿನಿ ಬುತ್ತಿ ಗಂಟು ಹಿಡಿದುಕೊಂಡು ತುಸು ದೂರದಲ್ಲಿ ನಿಂತಿದ್ದಳು. ಭಾನುವಾರ ಸ್ಕೂಲ್ ಇರಲಿಲ್ಲ. ಅಪ್ಪ ಭೀಮಶ್ಯಾನಿಗೂ ಅಲ್ಲಾವುದ್ದೀನ ಕಾಕಾನಿಗೂ ರೊಟ್ಟಿ ತಂದಿದ್ದಳು. ಅಪ್ಪನ ಸಿಟ್ಟು ಅವಳಿಗೆ ಹೊಸದಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಅಪ್ಪ ಕೂಗುತ್ತಿದ್ದ. ಆದರೆ ಕಾಕಾನ ಮೇಲೆ ಕೂಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಅಪ್ಪ ಮತ್ತು ಕಾಕಾ ಗಿಡ ಕಡಿಯುವ ಜೋಡಿ. ಕುಂಚಾವರಂ ಕಾಡಿನ ಅಂಚಿನ ಊರು ಅವರದು. ಕಾಡಿನ ಗಿಡಕ್ಕೆ ಅವರು ಕೈ ಹಚ್ಚುವವರಲ್ಲ. ಹೊಲದವರು ಬೆಳೆಸಿದ ನೀಲಗಿರಿ, ಬದುವಿನ ಜಾಲಿ, ಒಣಗಿದ ಬೇವು, ಯಾರಾದರೂ ಕರೆದರೆ ಹೋಗಿ ಕೊಯ್ದು ಕೊಡುತ್ತಿದ್ದರು. ಎರಡು ಕೊಡಲಿ, ಒಂದು ಹಗ್ಗ, ನಾಲ್ಕಾರು ಕಬ್ಬಿಣದ ಬೆಣೆ, ಗಿಡದ ಅಂಟು ಒರೆಸಲು ಒಂದು ಬಾಟಲಿ ಡೀಸೆಲ್. ಇವೆಲ್ಲಕ್ಕಿಂತ ಮುಖ್ಯವಾದದ್ದು ಈ ಆಳುದ್ದದ ಗರಗಸ. ಅದರ ಎರಡು ತುದಿಗೂ ಕಟ್ಟಿಗೆಯ ಹಿಡಿ. ಒಬ್ಬ ಎಳೆಯುವಾಗ ಇನ್ನೊಬ್ಬ ಸುಮ್ಮನೆ ಬಿಟ್ಟುಕೊಡಬೇಕು. ಒತ್ತಿದರೆ ಕೆಟ್ಟಿತು, ಗರಗಸದ ಹಾಳೆ ಬಾಗಿ ಸಿಕ್ಕಿಬೀಳುತ್ತದೆ. ಈ ಕೆಲಸ ಮಾಡುವವರಿಗೆ "ನೀ ಒತ್ತಾಕತ್ತೀದಿ" ಅನ್ನುವುದು ಸಣ್ಣ ಬೈಗುಳವಲ್ಲ.

ಗಿಡದ ಮಾಲೀಕ ಸೂರ್ಯಕಾಂತ ಸಾಹುಕಾರ ಮೋಟರ್ ಸೈಕಲ್ ನಿಲ್ಲಿಸಿ ಹತ್ತಿರ ಬಂದ. "ಏನಾಯ್ತೋ? ಮುಂಜಾನಿಂದ ಒಂದು ಗಿಡನೂ ಬಿದ್ದಿಲ್ಲಲ್ಲ!"

ಭೀಮಶ್ಯಾ ಕೊಯ್ದ ಜಾಗಕ್ಕೆ ಬೆಣೆ ಇಟ್ಟು ಕೊಡಲಿಯ ಹಿಂಬದಿಯಿಂದ ಬಡಿದ. ಸೀಳು ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಇಬ್ಬರೂ ಸೇರಿ ಗರಗಸವನ್ನು ಹೊರಗೆ ಎಳೆದರು. ಭೀಮಶ್ಯಾ ಅದರ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ. ಅವನ ಮುಖ ಕೆಂಪಾಯಿತು.

"ಏನಲೇ ಇದು? ಹಲ್ಲು ಎಲ್ಲಾ ನೆಟ್ಟಗ ನಿಂತಾವ!"

ಅಲ್ಲಾವುದ್ದೀನ ಬಗ್ಗಿ ನೋಡಿದ. ಕಣ್ಣು ಅಗಲ ಮಾಡಿದ. "ಯಾ ಅಲ್ಲಾ! ಇದು ಹೆಂಗಾಯ್ತು?"

"ನನಗ ಕೇಳ್ತಿ? ಶುಕ್ರವಾರ ಸಂಜಿಗಿ ಹಲ್ಲು ಮಣಿಸಿ ತಂದೀನಿ ಅಂದಾಂವ ನೀನು!"

"ನೆಟ್ಟಗಿದ್ರ ಛಲೋನೇ ಅಲ್ಲೇನೋ?" ಎಂದ ಸಾಹುಕಾರ.

"ಇಲ್ರೀ ಸಾಹುಕಾರ್ರ. ಹಲ್ಲು ಒಂದು ಈ ಕಡಿ, ಒಂದು ಆ ಕಡಿ ಬಾಗಿರಬೇಕು. ಆವಾಗ ಕೊಯ್ದ ದಾರಿ ಅಗಲ ಆಗ್ತದ, ಗರಗಸ ಸಲೀಸ ಓಡಾಡ್ತದ. ಎಲ್ಲಾ ನೆಟ್ಟಗಿದ್ರ ಹಸಿ ಗಿಡ ಹಿಂಗ ಹಿಡ್ಕೊಂಡು ಕುಂದರ್ತದ. ಇಂವ ಮಣಿಸೇ ಇಲ್ಲ. ಮಣಿಸೀನಿ ಅಂತ ಸುಳ್ಳ ಹೇಳ್ಯಾನ!"

ಲುಂಬಿನಿಯ ಕೈಯಲ್ಲಿದ್ದ ಗಂಟು ಒಮ್ಮೆಲೇ ಭಾರವಾಯಿತು.

ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದ್ದ: "ಆ ಬೇವಿನ ಗಿಡದಾಗ ಯಾರೋ ಬೋರ್ಡ್ ಬಡಿದ ಮೊಳಿ ಇತ್ತು. ಗರಗಸದ ಹಲ್ಲು ಸೊಟ್ಟ ಮಾಡಿಬಿಡ್ತು." ಅಷ್ಟರಲ್ಲಿ ಅಪ್ಪನ ಮೊಬೈಲ್ ರಿಂಗಾಯಿತು. ಅಪ್ಪ ಎದ್ದು ಹೊರಗೆ ಹೋದ. ಊಟಕ್ಕೆ ಮೊದಲೇ ಕಾಕಾ ಆ ಹಲ್ಲನ್ನೆಲ್ಲ ಸರಿಮಾಡಿ, ಗರಗಸ ತಂದು ಬಾಗಿಲ ಹಿಂದೆ ಇಟ್ಟುಹೋಗಿದ್ದ. ಅದು ಲುಂಬಿನಿಗೆ ಗೊತ್ತಿರಲಿಲ್ಲ.

ಶನಿವಾರ ಅರ್ಧ ದಿನದ ಸ್ಕೂಲ್ ಮುಗಿಸಿ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಸಾಹುಕಾರನ ನೀಲಗಿರಿ ನೋಡಿಬರಲು, ಅವ್ವ ತೊಗರಿ ಹೊಲಕ್ಕೆ ಕೂಲಿಗೆ ಹೋಗಿದ್ದರು. ಲುಂಬಿನಿ ಗರಗಸಕ್ಕೆ ಸುತ್ತಿದ ಗೋಣಿ ಚೀಲ ಬಿಚ್ಚಿ ನೋಡಿದಳು. ಅಬ್ಬಾ! ಅಪ್ಪ ಹೇಳಿದ್ದು ಖರೇನೇ. ಒಂದು ಹಲ್ಲು ಎಡಕ್ಕೆ ಬಾಗಿದೆ, ಮುಂದಿನದು ಬಲಕ್ಕೆ ಬಾಗಿದೆ. ಒಂದಾದರೂ ನೆಟ್ಟಗಿಲ್ಲ!

ಅವಳು ಸುತ್ತಿಗೆ ತಂದಳು. ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಗರಗಸ ಮಲಗಿಸಿದಳು. ಟಣ್ ಟಣ್ ಎಂದು ಮೆಲ್ಲಗೆ ಬಡಿಯತೊಡಗಿದಳು. ಬಿಸಿಲು ಸರಿದು ನೆರಳು ಅಂಗಳಕ್ಕೆ ಬರುವ ಹೊತ್ತಿಗೆ ಹಲ್ಲುಗಳೆಲ್ಲ ಪ್ರೇಯರ್‌ಗೆ ನಿಂತ ಮಕ್ಕಳ ಹಾಗೆ ಒಂದೇ ಸಾಲಿನಲ್ಲಿ ನಿಂತಿದ್ದವು. ಕೈಗೆ ಬೊಬ್ಬೆ ಬಂದಿತ್ತು. ಹೇಳಬಾರದು, ಅಪ್ಪ ತಾನೇ ನೋಡಿ ಖುಷಿಪಡಲಿ ಎಂದುಕೊಂಡು ಮತ್ತೆ ಚೀಲ ಸುತ್ತಿಟ್ಟಿದ್ದಳು.

"ನಾ ಸುಳ್ಳ ಹೇಳಿಲ್ಲ!" ಅಲ್ಲಾವುದ್ದೀನ ಗರಗಸದ ಮೇಲೆ ಅಂಗೈ ಇಟ್ಟ. "ಒಂದೊಂದೇ ಹಲ್ಲು ಮಣಿಸಿ ಇಟ್ಟೀನಿ."

"ಹಂಗಾರ ದೆವ್ವ ಬಂದು ನೆಟ್ಟಗ ಮಾಡಿ ಹೋಯ್ತೇನು?"

"ಗರಗಸ ನಿನ್ನ ಮನ್ಯಾಗ ಇತ್ತು. ನಿನ್ನ ಮನ್ಯಾಗ ಕೇಳು!"

"ನನ್ನ ಮನಿ ಹೆಸರು ತೆಗಿಬ್ಯಾಡ! ನನ್ನ ಮನ್ಯಾಗ ಗರಗಸ ಯಾರೂ ಮುಟ್ಟಂಗಿಲ್ಲ. ತಪ್ಪು ಮಾಡಿ ನನ್ನ ಮನಿ ಮ್ಯಾಲ ಹಾಕ್ತಿಯಾ?"

ಲುಂಬಿನಿ ಬಾಯಿ ತೆರೆದಳು. ಅಪ್ಪನ ಕತ್ತಿನ ನರ ಉಬ್ಬಿದ್ದು ಕಂಡಿತು. ಬಾಯಿ ಮುಚ್ಚಿಕೊಂಡಳು.

ಅಲ್ಲಾವುದ್ದೀನ ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ. "ಸುಳ್ಳ ಹೇಳಾಂವ ಅಂದಿ ನನಗ. ಅದೂ ನಾಕು ಮಂದಿ ಮುಂದ. ಆಯ್ತು ಭೀಮಶ್ಯಾ. ಇನ್ನ ನೀ ಒಬ್ಬನೇ ಎಳ್ಕೋ."

ತನ್ನ ಕೊಡಲಿ ಎತ್ತಿಕೊಂಡು ಹೊರಟ. ಅವಳ ಪಕ್ಕದಿಂದಲೇ ಹಾದುಹೋದ. ಬುತ್ತಿ ತಂದಾಗೆಲ್ಲ "ಏನು ತಂದೀದಿ ಬೇಟಿ, ಪುಂಡಿ ಪಲ್ಯ ಅದ ಏನು?" ಎಂದು ಕೇಳುತ್ತಿದ್ದ ಕಾಕಾ ಇವತ್ತು ಬುತ್ತಿಯ ಕಡೆ ನೋಡಲೂ ಇಲ್ಲ.

ಸಾಹುಕಾರ ಮೊಬೈಲ್ ತೆಗೆದ. "ನಿಮ್ಮ ಜಗಳ ನೀವು ಮಾಡ್ಕೋರಿ. ನಾಳಿ ನನ್ನ ಮಾಲಿಗಿ ಲಾರಿ ಬರ್ತದ. ನಾ ಮಷೀನದವರಿಗಿ ಫೋನ್ ಹಚ್ತೀನಿ."

ಮಧ್ಯಾಹ್ನದ ಹೊತ್ತಿಗೆ ಮಷೀನ್ ಗರಗಸದವರು ಬಂದರು. ಭರ್ರೋ ಎಂದು ಸದ್ದು, ನೀಲಿ ಹೊಗೆ. ಅಪ್ಪ ಮುಂಜಾನೆಯಿಂದ ಗುದ್ದಾಡಿದ ಗಿಡ ನೋಡುನೋಡುತ್ತಲೇ ಧೊಪ್ಪೆಂದು ಬಿತ್ತು. ನೀಲಗಿರಿ ಎಲೆಯ ಘಾಟು ವಾಸನೆ ಸುತ್ತೆಲ್ಲ ತುಂಬಿತು. ಅಪ್ಪ ಬೆಣೆಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡ. ರೊಟ್ಟಿ ಮುಟ್ಟಲಿಲ್ಲ. ದಾರಿಯುದ್ದಕ್ಕೂ ಅವನು ಮುಂದೆ, ಲುಂಬಿನಿ ಹಿಂದೆ. ಅಪ್ಪನ ಹೆಗಲ ಮೇಲೆ ಗರಗಸ ಬಳುಕುತ್ತಿತ್ತು. ದಿನಾ ಅದರ ಇನ್ನೊಂದು ತುದಿ ಕಾಕಾನ ಹೆಗಲ ಮೇಲಿರುತ್ತಿತ್ತು.

ಸಂಜೆ ನಲ್ಲಿಯ ಹತ್ತಿರ ಸಮ್ರೀನ್ ಸಿಕ್ಕಳು. ಅವಳು ಕಾಕಾನ ಮಗಳು, ಲುಂಬಿನಿಯ ಕ್ಲಾಸ್‌ಮೇಟ್. ಇಬ್ಬರೂ ಒಂದೇ ಬೆಂಚಿನವರು. ಸಮ್ರೀನ್ ತನ್ನ ಕೊಡ ಮುಂದಕ್ಕೆ ದೂಡಿದಳು.

"ನಿಮ್ಮಪ್ಪ ನಮ್ಮ ಅಬ್ಬಾಗ ಸುಳ್ಳ ಅಂದಾನಂತ!"

"ಹೂಂ."

"ನಮ್ಮ ಅಬ್ಬಾ ಸುಳ್ಳ ಹೇಳಂಗಿಲ್ಲ. ಹಲ್ಲು ಮಣಿಸೋವಾಗ ನಾನೇ ಬ್ಯಾಟರಿ ಹಿಡಿದು ಕುಂತಿದ್ದೆ. ನನಗ ಗೊತ್ತದ."

ಲುಂಬಿನಿ ನೀರು ಬೀಳುವುದನ್ನೇ ನೋಡುತ್ತಿದ್ದಳು. ಕೊಡ ತುಂಬಿ ಚೆಲ್ಲತೊಡಗಿತು.

"ನೀರು ಚೆಲ್ಲಾಕತ್ತದ, ಕಣ್ಣು ಕಾಣಂಗಿಲ್ಲೇನು?" ಸಮ್ರೀನ್ ನಲ್ಲಿ ತಿರುಗಿಸಿದಳು. "ನಾಳಿ ಮುಂಜಾನಿ ಅಬ್ಬಾ ತಾಂಡೂರಿಗಿ ಹೊಂಟಾರ. ಮಷೀನದವರ ಜೋಡಿ. ಅಲ್ಲೇ ಇರ್ತಾರಂತ."

"ಎಷ್ಟು ದಿನ?"

"ಯಾರಿಗಿ ಗೊತ್ತು? ಅಬ್ಬಾ ಅಂತೂ ಇನ್ನ ಎಂದೂ ನಿಮ್ಮಪ್ಪನ ಜೋಡಿ ಗರಗಸ ಹಿಡಿಯಂಗಿಲ್ಲಂತ. ನಾನೂ ನಾಳಿಂದ ಬ್ಯಾರೆ ಬೆಂಚಿಗಿ ಕುಂದರ್ತೀನಿ."

ಸಮ್ರೀನ್ ಕೊಡ ಎತ್ತಿಕೊಂಡು ಹೋದಳು. ತಿರುಗಿ ನೋಡಲಿಲ್ಲ.

ಲುಂಬಿನಿ ಮನೆಗೆ ಬಂದಾಗ ಅವ್ವ ಪೀರಮ್ಮ ತಟ್ಟೆ ಹಾಕಿದ್ದಳು. ಬಿಸಿ ರೊಟ್ಟಿ, ಬೇಳೆ, ಶೇಂಗಾ ಹಿಂಡಿ. ಭೀಮಶ್ಯಾ ಗೋಡೆಗೆ ಒರಗಿ ಕೂತಿದ್ದ.

"ಊಟ ಮಾಡ್ರಿ. ಮುಂಜಾನಿಂದ ಹೊಟ್ಟಿಗೇನೂ ಇಲ್ಲ," ಎಂದಳು ಪೀರಮ್ಮ.

"ಇಷ್ಟು ವರ್ಷ ನಂಬೀನಿ," ಎಂದ ಭೀಮಶ್ಯಾ. ಹೆಂಡತಿಗೆ ಹೇಳುತ್ತಿದ್ದನೋ ಗೋಡೆಗೆ ಹೇಳುತ್ತಿದ್ದನೋ. "ಗಿಡ ಬೀಳೋವಾಗ ಅಂವ ಬಾಜೂಕ ಸರಿ ಅಂದ್ರ ಸರೀತಿದ್ದೆ. ಗಿಡದ ಕಡಿ ತಿರುಗಿ ಸುದ್ದಾ ನೋಡ್ತಿರಲಿಲ್ಲ. ಅಂಥಾಂವ ಹಲ್ಲು ಮಣಿಸೋ ವಿಷಯಕ್ಕ ಸುಳ್ಳ ಹೇಳ್ತಾನಂದ್ರ..."

"ಅಪ್ಪಾ."

"ಏನು?"

ಲುಂಬಿನಿ ಹೊಸ್ತಿಲ ಹತ್ತಿರವೇ ನಿಂತಿದ್ದಳು. ಬೇಕಾದರೆ ಓಡಿಹೋಗಲು ಅಲ್ಲಿಂದ ಸುಲಭ. "ಕಾಕಾ ಸುಳ್ಳ ಹೇಳಿಲ್ಲ. ಹಲ್ಲು ನಾನೇ ನೆಟ್ಟಗ ಮಾಡೀನಿ."

ಪೀರಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಭೀಮಶ್ಯಾ ಮಗಳನ್ನು ನೋಡಿದ. ಏನು ಕೇಳಿದೆನೆಂದು ಅವನಿಗೆ ಇನ್ನೂ ತಿಳಿದಂತಿರಲಿಲ್ಲ.

"ಏನು ಮಾಡೀದಿ?"

"ಮೊಳಿ ಬಡಿದು ಹಲ್ಲು ಸೊಟ್ಟ ಆಗ್ಯಾವ ಅಂದಿದ್ದಿ. ನೋಡಿದ್ರ ಎಲ್ಲಾ ಸೊಟ್ಟ ಇದ್ವು. ಕಲ್ಲಿನ ಮ್ಯಾಲ ಇಟ್ಟು ಸುತ್ತಿಗಿಲಿಂದ ಬಡಿದೆ."

"ಎಲ್ಲಾ ಹಲ್ಲು?"

"ಎಲ್ಲಾ."

ಅವಳು ಕಣ್ಣು ಮುಚ್ಚಿಕೊಂಡಳು. ಏಟು ಬೀಳುತ್ತದೆ ಎಂದು ಕೆನ್ನೆ ಕಾಯುತ್ತಿತ್ತು. ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಅವಳನ್ನು ನೋಡುತ್ತಲೇ ಇರಲಿಲ್ಲ. ತನ್ನ ಎರಡು ಅಂಗೈ ನೋಡಿಕೊಳ್ಳುತ್ತಿದ್ದ.

"ಮುಂಜಾನಿ ಅಲ್ಲೇ ಇದ್ದೆಲ್ಲ ನೀ. ಆವಾಗ ಯಾಕ ಹೇಳಲಿಲ್ಲ?"

"ನೀ ಭಾಳ ಒದರಾಡಾಕತ್ತಿದ್ದಿ, ಅಪ್ಪಾ."

ಭೀಮಶ್ಯಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನಾಳಿ ಕಾಕಾ ತಾಂಡೂರಿಗಿ ಹೊಂಟಾನಂತ," ಎಂದಳು ಲುಂಬಿನಿ. "ಸಮ್ರೀನ್ ಹೇಳಿದ್ಲು."

ಭೀಮಶ್ಯಾ ಎದ್ದ. ಬಾಗಿಲ ಹಿಂದಿನ ಗರಗಸ ಎತ್ತಿ ಹೆಗಲಿಗೆ ಹಾಕಿಕೊಂಡ. ಚಪ್ಪಲಿ ಕಾಲಿಗೆ ಸಿಗಲಿಲ್ಲ, ಬರಿಗಾಲಲ್ಲೇ ಹೊಸ್ತಿಲು ದಾಟಿದ.

"ಎಲ್ಲಿ ಹೊಂಟ್ರಿ? ರೊಟ್ಟಿ ಹಾಕೀನಲ್ಲ!" ಎಂದು ಪೀರಮ್ಮ ಕೂಗಿದಳು. ಅವನು ಆಗಲೇ ಓಣಿಯ ತಿರುವಿನಲ್ಲಿದ್ದ.

ತಟ್ಟೆಯಲ್ಲಿ ಬೇಳೆ ಕೆನೆಗಟ್ಟಿತು. ಪೀರಮ್ಮ ಎರಡು ಸಲ ಬಾಗಿಲಿಗೆ ಹೋಗಿ ಇಣುಕಿ ಬಂದಳು. ಕೊನೆಗೆ, "ಹೋಗು, ನಿಮ್ಮಪ್ಪಗ ಕರ್ಕೊಂಡು ಬಾ. ಅಲ್ಲೂ ಜಗಳ ಹಚ್ಚಿದನೋ ಏನೋ," ಎಂದಳು.

ಲುಂಬಿನಿ ಓಣಿಯ ಆ ತುದಿಗೆ ಹೋದಳು. ಕಾಕಾನ ಮನೆಯ ಮುಂದೆ ಬಲ್ಬ್ ಉರಿಯುತ್ತಿತ್ತು. ಕಟ್ಟೆಯ ಮೇಲೆ ಅಪ್ಪ ಕೂತು ಗರಗಸದ ಒಂದು ತುದಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದ. ಈ ಕಡೆ ಕಾಕಾ. ಇಕ್ಕಳದಿಂದ ಒಂದು ಹಲ್ಲು ಹಿಡಿದು ಎಡಕ್ಕೆ ಮಣಿಸಿದ. ಮುಂದಿನದನ್ನು ಬಲಕ್ಕೆ ಮಣಿಸಿದ. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಅವರ ನಡುವೆ ಚಹಾದ ಎರಡು ಕಪ್ಪು ಇದ್ದವು. ಒಂದು ಖಾಲಿಯಾಗಿತ್ತು. ಇನ್ನೊಂದನ್ನು ಕಾಕಾ ಇನ್ನೂ ಮುಟ್ಟಿರಲಿಲ್ಲ.

"ಸರಿಯಾಗಿ ಹಿಡಿ," ಎಂದ ಕಾಕಾ, ಗಡುಸಾಗಿ.

"ಹಿಡಿದೀನಿ," ಎಂದ ಅಪ್ಪ. ಅಪ್ಪನ ಬಾಯಿಂದ ಇಷ್ಟು ಸಣ್ಣ ದನಿ ಬಂದದ್ದನ್ನು ಲುಂಬಿನಿ ಎಂದೂ ಕೇಳಿರಲಿಲ್ಲ.

ಕಾಕಾ ತಲೆಯೆತ್ತಿದ. ಅವಳನ್ನು ಕಂಡ.

"ಬಂದಳು ನೋಡು, ಹಲ್ಲಿನ ಡಾಕ್ಟರ್."

"ಕಾಕಾ, ನಾನು... ನನಗ ಗೊತ್ತಿರಲಿಲ್ಲ. ತಪ್ಪಾಯ್ತು."

"ಒಂದೂ ಹಲ್ಲು ಮುರಿದಿಲ್ಲಲ್ಲ, ಅದೇ ನನಗ ತಿಳಿವಲ್ದು. ಕೈ ತೋರ್ಸು." ಅವಳ ಬೊಬ್ಬೆ ನೋಡಿ ನಾಲಿಗೆ ಲೊಚಗುಟ್ಟಿದ. "ಹೋಗು ಬೇಟಿ, ಊಟ ಮಾಡು. ಬೆಳಕಿಗಿ ಅಡ್ಡ ನಿಂದ್ರಬ್ಯಾಡ."

ಮತ್ತೆ ಬಗ್ಗಿದ. ತಾಂಡೂರಿನ ಮಾತು ಅವನೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ಲುಂಬಿನಿ ಅಪ್ಪನ ಕಡೆ ನೋಡಿದಳು. ಊಟಕ್ಕೆ ಬಾ ಎನ್ನುವ ಮಾತು ಬಾಯಿಗೆ ಬಂದಿತ್ತು. ಅಪ್ಪ ಗರಗಸ ಅಲುಗಾಡದ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದ. ಅವಳು ಕರೆಯಲಿಲ್ಲ.

"ಎಲ್ಲಿ ನಿಮ್ಮಪ್ಪ?" ಎಂದಳು ಪೀರಮ್ಮ, ಅವಳು ಒಬ್ಬಳೇ ಬಂದದ್ದು ನೋಡಿ.

"ಬರಂಗಿಲ್ಲ."

"ಬರಂಗಿಲ್ಲ ಅಂದ್ರ? ಎಷ್ಟೊತ್ತು ಆಗ್ತದಂತ?"

ಲುಂಬಿನಿ ಅಪ್ಪನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿದಳು. ತನ್ನ ರೊಟ್ಟಿ ಮುರಿದುಕೊಂಡಳು.

"ಭಾಳ ಹಲ್ಲು ಅವ, ಅವ್ವಾ," ಎಂದಳು.