ಎಣಿಕೆಗೆ ಸಿಗದ ಮನೆ

"ಹಳದಿ ಕೊಡೆ. ನೀಲಿ ಅಂಗಿ. ಹೆಗಲಿಗೆ ಇಟ್ಟಿಗೆ ತುಂಬಿದಂಥ ಚೀಲ. ಮೂಗಿನ ತುದಿಯಲ್ಲಿ ಕೋಪ!"

ಬಾಗಿಲು ತೆರೆದವನು ನಮಸ್ಕಾರದ ಬದಲು ಅವಳನ್ನೇ ಬಾಯಿಪಾಠದಂತೆ ಜೋರಾಗಿ ಒಪ್ಪಿಸಿಬಿಟ್ಟ.

ಅವಳ ಕೆನ್ನೆ ಕೆಂಪೇರಿತು. ಎಷ್ಟು ಸೊಕ್ಕು ಇವನಿಗೆ!

"ನನ್ನ ವರ್ಣನೆ ಕೇಳೋಕೆ ಬಂದಿಲ್ಲ ನಾನು. ಟಿವಿ ಮೀಟರ್ ತಪಾಸಣೆಗೆ ಬಂದಿದ್ದೀನಿ."

ಆದರೆ ಆ ದನಿ... ಆ ದನಿಯನ್ನು ಅವಳು ದಿನಾ ಕೇಳುತ್ತಿದ್ದಳು! ಬಸ್ ನಿಲ್ದಾಣದ ಮೈಕಿನಲ್ಲಿ, ತಡವಾದ ಬಸ್ಸನ್ನೂ ಸಿಹಿಸುದ್ದಿಯಂತೆ ಸಾರುವ ದನಿ. ಅದಕ್ಕೊಂದು ಮುಖ ಕಲ್ಪಿಸಿಕೊಳ್ಳುತ್ತಾ ನಿಂತು ಅವಳು ಎಷ್ಟು ಬಸ್ಸು ತಪ್ಪಿಸಿಕೊಂಡಿದ್ದಳೋ!

ಈಗ ಆ ಮುಖ ಎದುರಿಗೇ ಇತ್ತು. ಅದು ಕಳ್ಳನ ಮುಖವೇ ಎಂದು ಪತ್ತೆ ಹಚ್ಚುವುದೇ ಅವಳ ಕೆಲಸವಾಗಿತ್ತು.

ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಎಂದು ಲೆಕ್ಕ ಹಾಕುವ ಸಂಸ್ಥೆ ಅವಳದು. ಮನೆಮನೆಗೂ ಹೋಗಿ ಎಣಿಸಲಾದೀತೇ? ಆರಿಸಿದ ಕೆಲವೇ ಮನೆಗಳ ಟಿವಿ ಪಕ್ಕ ಒಂದು ಪುಟ್ಟ ಪೆಟ್ಟಿಗೆ ಕೂರಿಸುತ್ತಾರೆ. ಚಾನೆಲ್ಲಿನ ಸದ್ದಿನೊಳಗೆ ಮನುಷ್ಯರ ಕಿವಿಗೆ ಕೇಳದ ಒಂದು ಗುರುತಿರುತ್ತದೆ. ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಚಾನೆಲ್ ಯಾವುದೆಂದು ಹಿಡಿಯುತ್ತದೆ. ನೋಡಲು ಕೂತವರು ತಂತಮ್ಮ ಗುಂಡಿ ಒತ್ತಬೇಕು. ಒಂದೊಂದು ಗುಂಡಿಯ ಹಿಂದೆ ಸಾವಿರಾರು ಜನರ ಲೆಕ್ಕ! ಅಜ್ಜಿಯ ಕಥೆಯಲ್ಲಿ ರಾಕ್ಷಸನ ಜೀವ ಒಂದು ಗಿಳಿಯೊಳಗೆ ಇರುತ್ತಿತ್ತಲ್ಲ, ಹಾಗೆ.

ಇಂಥ ಮನೆಯೊಂದು ಸುಳ್ಳಾಡಿದರೆ?

"ಹಳದಿ ಕೊಡೆ ಹೊರಗೇ ಇಡಮ್ಮ, ನೆಲ ಒದ್ದೆಯಾಗುತ್ತೆ," ಟಿವಿಯ ಎದುರು ಕುರ್ಚಿಯಲ್ಲಿ ಕೂತಿದ್ದ ಅವನ ಅಪ್ಪ ಹೇಳಿದರು.

ಅವಳು ಕೊಡೆ ಇಟ್ಟು ನೇರವಾಗಿ ಕೇಳಿದಳು. "ಕ್ರಿಕೆಟ್ ಇದ್ದಾಗಲೆಲ್ಲ ನಿಮ್ಮ ಟಿವಿ ಆನ್ ಇದೆ. ಇಬ್ಬರ ಗುಂಡೀನೂ ಒತ್ತಿದೆ. ಆದ್ರೆ ಯಾವ ಚಾನೆಲ್ ಅಂತ ಮೀಟರ್‌ಗೆ ಗೊತ್ತೇ ಆಗಿಲ್ಲ. ಯಾಕೆ?"

"ಕೆಟ್ಟಿರಬೇಕು," ಎಂದ ಮಗ.

ಅವಳು ರಿಮೋಟ್ ಎತ್ತಿಕೊಂಡು ವಾರ್ತೆ ಹಾಕಿದಳು. ಪೆಟ್ಟಿಗೆ ಚಾನೆಲ್ಲನ್ನು ಟಕ್ಕನೆ ಹಿಡಿಯಿತು.

"ವಾರ್ತೆ ಕೇಳಿಸುತ್ತೆ, ಧಾರಾವಾಹಿ ಕೇಳಿಸುತ್ತೆ. ಪಂದ್ಯ ಬಂದ ತಕ್ಷಣ ಇದಕ್ಕೆ ಕಿವುಡಾ?"

ಅವನು ಒಮ್ಮೆ ಅಪ್ಪನತ್ತ ನೋಡಿದ. ಏನೋ ಹೇಳಹೊರಟು ನುಂಗಿಕೊಂಡ.



ಮರುದಿನ ಕಚೇರಿಯಲ್ಲಿ ಮೇಡಂ ಕಿಡಿಕಿಡಿಯಾಗಿದ್ದರು.

"ಪಂದ್ಯದ ಲೆಕ್ಕ ತಗ್ಗಿಸೋಕೆ ಯಾರೋ ಆ ಮನೆಯವರನ್ನ ಬುಟ್ಟಿಗೆ ಹಾಕ್ಕೊಂಡಿದ್ದಾರೆ ಕಣೇ ಪತ್ತೇದಾರಿ! ಫೈನಲ್‌ಗೆ ಹಿಂದೆಂದೂ ಇಲ್ಲದಷ್ಟು ಜನ ನೋಡ್ತಾರೆ ಅಂತ ಎಲ್ಲರೂ ಕಾಯ್ತಿದ್ದಾರೆ. ನಮ್ಮ ಲೆಕ್ಕದಲ್ಲಿ ಮೋಸ ಸಿಕ್ಕಿದ್ರೆ ಮಾನ ಹೋಗುತ್ತೆ. ಪಂದ್ಯದ ಹೊತ್ತಿಗೇ ಹೋಗಿ ಕೈಯಾರೆ ಹಿಡಿ. ಮೋಸ ಅಂತ ನೀನು ಬರೆದ್ರೆ ಸಾಕು, ಪೊಲೀಸಿಗೆ ದೂರು ಹೋಗುತ್ತೆ. ಅವನ ಕೆಲಸಾನೂ ಹೋಗುತ್ತೆ."

ಅವನ ಕೆಲಸ... ಅಂದರೆ ಆ ದನಿ! ಇನ್ನು ನಿಲ್ದಾಣದಲ್ಲಿ ಕೇಳದ ಹಾಗೆ ಮಾಡುವವಳು ತಾನೇನಾ?

ಅಂದು ಸಂಜೆ ಅವಳು ಬಸ್ಸಿಗೆ ಕಾಯುತ್ತಿದ್ದಾಗ ಅವನೇ ಎದುರು ಬಂದ.

"ನಿಮ್ಮ ಬಸ್ಸು ತಡ. ಟೀ ಕುಡೀತೀರಾ?"

"ಲಂಚಾನಾ?"

"ಒಂದು ಲೋಟ ಟೀಗೆ ಬಗ್ಗೋ ಹಾಗೆ ಕಾಣ್ತಿಲ್ಲ ನೀವು."

ನಗು ತುಟಿಯವರೆಗೂ ಬಂದಿತ್ತು. ಅವಳು ಕಚ್ಚಿ ಹಿಡಿದಳು. "ಸತ್ಯ ಹೇಳಿ, ಕುಡೀತೀನಿ."

ಅವನ ಮುಖ ಬಾಡಿತು. "ಆ ಸತ್ಯ ನನ್ನದಲ್ಲ ರೀ. ಇನ್ನೊಬ್ಬರದ್ದು. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಇನ್ನೊಬ್ಬರದ್ದು! ಹಾಗಾದರೆ ಮೇಡಂ ಹೇಳಿದ್ದೇ ನಿಜ. ಅವನ ಹಿಂದೆ ಯಾರೋ ಇದ್ದಾರೆ... ಅವಳು ತಿರುಗಿ ನೋಡದೆ ನಡೆದಳು. ಕಣ್ಣು ಮಾತ್ರ ಯಾಕೋ ತುಂಬಿಕೊಂಡಿತ್ತು.

ಫೈನಲ್‌ನ ಮಧ್ಯಾಹ್ನ ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಕಿಟಕಿ ಕಿಟಕಿಯಿಂದಲೂ ಕಾಮೆಂಟರಿ, ಕೇಕೆ, ಚಪ್ಪಾಳೆ!

ಅವನ ಮನೆಯ ಕಿಟಕಿಯಿಂದ ಮಾತ್ರ ಟಿವಿಯ ಸದ್ದಿಲ್ಲ.

ಅವಳು ಉಸಿರು ಬಿಗಿಹಿಡಿದು ಕಿಟಕಿಯಿಂದ ಇಣುಕಿದಳು. ಪರದೆಯ ಮೇಲೆ ಆಟ ನಡೆಯುತ್ತಿತ್ತು, ಮೂಕವಾಗಿ. ಅವನು ಅಪ್ಪನ ಕುರ್ಚಿಯ ಪಕ್ಕ ಮಂಡಿಯೂರಿದ್ದ. ಅಪ್ಪನ ಅಂಗೈಯನ್ನೇ ಮೈದಾನ ಮಾಡಿಕೊಂಡು ಅದರ ಮೇಲೆ ಬೆರಳಾಡಿಸುತ್ತಿದ್ದ.

"ಓಡಿ ಬಂದ ಅಪ್ಪಾ... ಎಸೆದ... ಹೊಡೆದ! ಚೆಂಡು ಮೇಲೆ, ಇನ್ನೂ ಮೇಲೆ! ಇಲ್ಲಿ, ನಿಮ್ಮ ಕಿರುಬೆರಳಿನ ಹತ್ತಿರ ಒಬ್ಬ ಹಿಂದೆ ಹಿಂದೆ ಹೋಗ್ತಿದ್ದಾನೆ. ಬಿಸಿಲು ಕಣ್ಣಿಗೆ ಹೊಡೀತಿದೆ ಅವನಿಗೆ..."

"ಹಿಡಿದ್ನೇನೋ? ಬೇಗ ಹೇಳೋ, ಜೀವ ತಿನ್ನಬೇಡ!"

ಅಪ್ಪನ ಮುಖ ಟಿವಿಯತ್ತ ಇರಲಿಲ್ಲ, ಮಗನ ದನಿಯತ್ತ ಇತ್ತು. ಆ ಕಣ್ಣುಗಳು ಗೋಡೆಯ ಮೇಲೆ, ಏನನ್ನೂ ನೋಡದೆ ನಿಂತಿದ್ದವು.

ಅಯ್ಯೋ ದೇವರೇ...

ಅಂದು ಬಾಗಿಲಲ್ಲಿ ಅವನು ಅವಳನ್ನು ಆಡಿಕೊಂಡಿರಲಿಲ್ಲ. ಬಂದವರು ಹೇಗಿದ್ದಾರೆಂದು ಅಪ್ಪನಿಗೆ ಮಾತಿನಲ್ಲೇ ಕಾಣಿಸಿದ್ದ, ಅಷ್ಟೇ.

ಅವಳು ಬಾಗಿಲು ತಟ್ಟಿದಳು. ತೆರೆದವನು ಈ ಸಲ ಕಲ್ಲಾಗಿ ನಿಂತುಬಿಟ್ಟ.

"ಯಾರೋ ಅದು? ಯಾಕೆ ಸುಮ್ನಾದೆ?"

"ನಾನು, ತಪಾಸಣೆಯವಳು," ಅವಳೇ ಉತ್ತರಿಸಿದಳು. "ಕೋಪ ಇವತ್ತು ಮನೇಲೇ ಬಿಟ್ಟು ಬಂದಿದ್ದೀನಿ."

ಅಪ್ಪ ನಿಧಾನವಾಗಿ ನಿಟ್ಟುಸಿರಿಟ್ಟರು. "ಸಿಕ್ಕಿಬಿದ್ವಿ ಅನ್ನು! ಟಿವಿಯವರು 'ಆಹಾ, ನೋಡಿ ಎಂಥಾ ಹೊಡೆತ' ಅಂತಾರೆ. ಎಂಥದ್ದು ಅಂತ ಹೇಳೋದೇ ಇಲ್ಲ! ಇವನು ಹೇಳ್ತಾನೆ. ಎರಡು ಮಾತೂ ಕಲಸಿಹೋಗುತ್ತೆ ಅಂತ ಅದರ ಬಾಯಿ ಮುಚ್ಚಿಸಿದ್ವಿ. ಕಣ್ಣಿಲ್ಲದವನಿಗೂ ಒಂದು ಗುಂಡಿಯಾ ಅಂತ ನೀವು ನಗ್ತೀರೇನೋ ಅಂತ ಇವನ ಕೈಲಿ ಆಣೆ ಹಾಕಿಸ್ಕೊಂಡಿದ್ದೆ. ತಪ್ಪು ನನ್ನದಮ್ಮ, ಮಗಂದಲ್ಲ."

"ಟಿವಿ ಮುಂದೆ ಕೂತೋರೆಲ್ಲ ಲೆಕ್ಕಕ್ಕೆ ಬರ್ತಾರೆ. ನೀವೂ ಬರ್ತೀರಿ," ಎಂದು ಅವಳು ಟಿವಿಯ ಸದ್ದನ್ನು ಪಿಸುಮಾತಿನಷ್ಟು ಏರಿಸಿದಳು. "ಇಷ್ಟಿದ್ರೆ ಸಾಕು ಪೆಟ್ಟಿಗೆಗೆ. ಅದಕ್ಕೂ ಕಣ್ಣಿಲ್ಲ, ಕಿವಿ ಮಾತ್ರ."

"ಹಂಗಾದ್ರೆ ಅದೂ ನನ್ನ ಪಂಗಡ! ಈಗ ನಾನೂ ದಾಖಲೆಯೊಳಗೆ ಸೇರಿದ್ನಾ?"

"ಸೇರಿದ್ರಿ."

ಮುದುಕರ ಮುಖ ಅರಳಿದ್ದನ್ನು ನೋಡುತ್ತಲೇ ಅವಳು ಮೇಡಂಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. "ಮೋಸ ಇಲ್ಲ ಮೇಡಂ. ಹಾಗೇ ಬರೀತೀನಿ."

ಅವನು ಬಾಗಿಲವರೆಗೆ ಜೊತೆಗೆ ಬಂದ.

"ಅನುಮಾನವೆಲ್ಲ ಹೋಯ್ತಾ?"

"ಒಂದು ಉಳಿದಿದೆ. ಆವತ್ತು ಟೀಗೆ ಕರೆದಿದ್ದು ಯಾಕೆ?"

ಅವನು ತಲೆ ತಗ್ಗಿಸಿದ. "ನಿಲ್ದಾಣದಲ್ಲಿ ಎಲ್ಲ ಬಸ್ಸನ್ನೂ ಒಂದ್ಸಲ ಕೂಗ್ತೀನಿ. ನಿಮ್ಮ ಬಸ್ಸನ್ನ ಎರಡು ಸಲ. ನೀವು ಎಲ್ಲೋ ಕನಸು ಕಾಣ್ತಾ ನಿಂತಿರ್ತೀರಿ... ಎಷ್ಟೋ ದಿನದಿಂದ ನೋಡ್ತಿದ್ದೀನಿ."

ಆ ಕನಸು ಯಾರದೆಂದು ಇವನಿಗೆ ಹೇಗೆ ಹೇಳಲಿ?

"ನಾನಿನ್ನು ಇಲ್ಲಿಗೆ ಬರೋ ಹಾಗಿಲ್ಲ," ಎಂದಳು, ನೆಲ ನೋಡುತ್ತಾ. "ಮೀಟರ್ ಇರೋ ಮನೆಯವರ ಜೊತೆ ನಮಗೆ ಸ್ನೇಹ ಕೂಡ ಇರಬಾರದು. ನಿಯಮ."

"ಹಂಗಾದ್ರೆ ಆ ಪೆಟ್ಟಿಗೆ ಬಿಚ್ಚಿಸೋ ದಡ್ಡಾ!" ಒಳಗಿನಿಂದ ಅಪ್ಪ ಕೂಗಿದರು. "ದಾಖಲೆಗೆ ಒಂದ್ಸಲ ಸೇರಿದ್ದಾಯ್ತು, ಸಾಕು ನಂಗೆ!"

ಇಬ್ಬರೂ ಬೆಚ್ಚಿಬಿದ್ದು ನಕ್ಕರು.

"ಬಿಚ್ಚೋಕೆ ಕಾರಣ ಬರೀಬೇಕು," ಎಂದಳು.

"ಎಂಥಾ ಕಾರಣ?"

"ಮನೆ ಬದಲಾಯಿಸೋದು... ಟಿವಿ ಮಾರೋದು... ಇಲ್ಲಾಂದ್ರೆ ನಮ್ಮ ಸಂಸ್ಥೆಯವರು ಆ ಮನೇಲಿ ಇರೋದು."

"ಕೊನೇದನ್ನೇ ಬರೀರಿ."

"ಸುಳ್ಳು ಬರೆಯಲ್ಲ ನಾನು. ಈ ಮನೇಲಿ ಅಂಥವರು ಯಾರೂ ಇಲ್ಲ."

"ಇಲ್ಲ..." ಊರಿಗೆಲ್ಲ ಕೇಳುವಂತೆ ಕೂಗುವವನ ದನಿ ಈಗ ಅವಳೊಬ್ಬಳಿಗೆ ಕೇಳುವಷ್ಟೇ ಇತ್ತು. "ನೀನು ಬರ್ತೀಯಾ?"

ಅವಳು ಅಂಗಳಕ್ಕೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಬರ್ತೀನಿ... ಮೊದಲು ಆಟ ಮುಗೀಲಿ. ಅಪ್ಪ ಕಾಯ್ತಿದ್ದಾರೆ. ನಡಿ, ಹೇಳು. ನಾನೂ ಕೇಳ್ತೀನಿ."