ಹನ್ನೆರಡನೆಯ ಕೈ

"ಟೀಚರ್, ನೀವು ಇತ್ತೀಚೆಗೆ ಫ್ರಾಂಕ್ಲಿನ್ ರಸ್ತೆಯಲ್ಲಿ ನಡ್ಕೊಂಡು ಹೋಗಿದ್ದೀರಾ?"

ಹಿಂದಿನ ಸಾಲಿನಿಂದ ಬಂದ ಪ್ರಶ್ನೆಗೆ ಮಾರ್ಲಿಸ್ ಮಾತು ನಿಲ್ಲಿಸಿದಳು.

ಪೆಲ್ಲಾ ಊರಿನ ಗ್ರಂಥಾಲಯದ ನೆಲಮಾಳಿಗೆ. ೧೯೯೯ರ ಅಕ್ಟೋಬರ್, ಶನಿವಾರದ ಬೆಳಗು. ಊರಿನ ಹೂಡಿಕೆ ಕೂಟದ ಮುಂದೆ ಅವಳು 'ಬ್ರೈಟ್‌ಡಯಲ್' ಕಂಪನಿಯ ಬಗ್ಗೆ ವರದಿ ಓದುತ್ತಿದ್ದಳು. ಟೆಲಿಫೋನ್ ತಂತಿಯಲ್ಲೇ ಇಂಟರ್ನೆಟ್ ಕೊಡುವ ಕಂಪನಿ ಅದು. ಕೂಟದವರೆಲ್ಲ ಹಣ ಸೇರಿಸಿ ಕೊಂಡಿದ್ದ ಅದರ ಷೇರಿನ ಬೆಲೆ ಒಂದೇ ವರ್ಷದಲ್ಲಿ ಮೂರು ಪಟ್ಟಾಗಿತ್ತು.

"ಯಾಕೆ? ಆ ರಸ್ತೆಯಲ್ಲೇನಿದೆ?"

"ಹುಲ್ಲಿನ ಮೇಲೆಲ್ಲ ಕಿತ್ತಳೆ ಬಣ್ಣದ ಪುಟ್ಟ ಬಾವುಟ ನೆಟ್ಟಿದ್ದಾರೆ. ಕೇಬಲ್ ಕಂಪನಿಯವರು ನೆಲ ಅಗೀತಾರೆ ಅಂತ ಅರ್ಥ. ಅವರ ಇಂಟರ್ನೆಟ್ ಬಂದ್ರೆ ನಿಮ್ಮ ಬ್ರೈಟ್‌ಡಯಲ್ ಯಾರಿಗೆ ಬೇಕು? ಈಗಲೇ ಮಾರೋದು ಒಳ್ಳೇದು."

ಹೀಗೆಂದವನು ಕೂಟಕ್ಕೆ ಹೊಸದಾಗಿ ಸೇರಿದ ಹನ್ನೆರಡನೆಯ ಸದಸ್ಯ, ವೆಂಡೆಲ್ ರೋರ್ಡಾ. ಟೆಲಿಫೋನ್ ಕಂಬ ಹತ್ತಿ ತಂತಿ ರಿಪೇರಿ ಮಾಡುವವನು.

ಅವಳ ಕಿವಿ ಬಿಸಿಯಾಯಿತು. ಮೂರು ವಾರ ಕೂತು ಬರೆದ ವರದಿಗೆ ಬಾವುಟದ ಉತ್ತರವೇ?

"ನಲವತ್ತು ಡಾಲರ್ ಕೊಟ್ಟು ಕೇಬಲ್ ಹಾಕಿಸ್ಕೊಳ್ಳೋರು ಈ ಊರಲ್ಲಿ ಎಷ್ಟು ಜನ? ಬ್ರೈಟ್‌ಡಯಲ್‌ನ ಇಪ್ಪತ್ತೆರಡಕ್ಕೇ ಗೊಣಗ್ತಾರೆ."

"ಒಮ್ಮೆ ವೇಗ ನೋಡಿದ್ಮೇಲೆ ಗೊಣಗ್ತಾನೇ ಕೊಡ್ತಾರೆ."

ಅಧ್ಯಕ್ಷೆ ಬರ್ನೀಸ್ ಕನ್ನಡಕ ಸರಿಮಾಡಿಕೊಂಡರು. "ನಮ್ಮ ಪದ್ಧತಿ ಗೊತ್ತಲ್ಲಪ್ಪ ವೆಂಡೆಲ್? ವರದಿಗೆ ಅಡ್ಡ ಮಾತಾಡಿದವನು, ಅದನ್ನ ಬರೆದವರ ಜೊತೆ ಕೂತೇ ಮುಂದಿನ ವರದಿ ತಯಾರು ಮಾಡ್ಬೇಕು. ಜನವರಿವರೆಗೆ ಸಮಯ ಇದೆ. ಆಮೇಲೆ ಮತಕ್ಕೆ ಹಾಕೋಣ."

ದೇವರೇ, ಈ ಮನುಷ್ಯನ ಜೊತೆ ಮೂರು ತಿಂಗಳಾ... ಎಂದುಕೊಂಡಳು ಮಾರ್ಲಿಸ್.

ಮೂರು ತಿಂಗಳು ಹೇಗೆ ಹೋದವೋ ತಿಳಿಯಲಿಲ್ಲ.

ಅವಳು ಬೀದಿ ಬೀದಿಯ ಮನೆ ಎಣಿಸಿ ಪಟ್ಟಿ ಮಾಡಿದರೆ, ಅವನು ಬಾಗಿಲು ಬಡಿದು ಜನರ ಮನಸ್ಸು ಕೇಳಿ ಬಂದ. ಬೇಕರಿಯ ಮೂಲೆಯ ಮೇಜಿನಲ್ಲಿ, ಬಾದಾಮಿ ಹೂರಣದ ಡಚ್ ರೊಟ್ಟಿಯ ಪುಡಿ ಕಾಗದದ ಮೇಲೆಲ್ಲ ಉದುರಿಸುತ್ತಾ ಜಗಳವಾಡಿದರು.

"ನಿಮ್ಮ ಲೆಕ್ಕ ಸರಿ ಇದೆ ಟೀಚರ್. ತೀರ್ಮಾನ ಮಾತ್ರ ತಪ್ಪು."

"ರಸಾಯನಶಾಸ್ತ್ರ ಕಲಿಸೋಳು ನಾನು. ಪುರಾವೆ ಇಲ್ದೆ ತೀರ್ಮಾನ ಬದಲಾಯಿಸಲ್ಲ."

ಹೀಗೆ ಎದುರಿಗೇ 'ತಪ್ಪು' ಎನ್ನುವವನೊಬ್ಬ ಬೇಕೆಂದು ಅವಳು ಎಷ್ಟು ಹಂಬಲಿಸಿದ್ದಳು! ಹಿಂದೆ ಮದುವೆ ಗೊತ್ತಾಗಿದ್ದ ಗಂಡು ನಾಲ್ಕು ವರ್ಷ ಅವಳ ಪ್ರತಿ ಮಾತಿಗೂ ಹೂಂಗುಟ್ಟಿದ್ದ. ಕೊನೆಗೊಂದು ದಿನ ಚೀಟಿ ಬರೆದಿಟ್ಟು ಡೆನ್ವರ್‌ಗೆ ಹೋಗಿಬಿಟ್ಟಿದ್ದ. ಅಂದಿನಿಂದ ಅವಳಿಗೆ ಜಗಳಕ್ಕಿಂತ ಹೂಂಗುಟ್ಟುವವರ ಭಯವೇ ಹೆಚ್ಚು.

ಜನವರಿಯಲ್ಲಿ ಸಭೆ ಸೇರಿತು. ಮಾರ್ಲಿಸ್‌ಳ ಅಭಿಪ್ರಾಯ ಬದಲಾಗಿರಲಿಲ್ಲ, ಷೇರು ಇಟ್ಟುಕೊಳ್ಳಬೇಕು. ವೆಂಡೆಲ್‌ನದೂ ಅಷ್ಟೇ, ಮಾರಬೇಕು. ಇಬ್ಬರ ವಾದವನ್ನೂ ವರದಿಯಲ್ಲಿ ಬರೆದಿದ್ದರು.

"ಇಟ್ಕೊಳ್ಳೋಣ ಅನ್ನೋರು?" ಆರು ಕೈ ಎದ್ದವು, ಅವಳದೂ ಸೇರಿ.

"ಮಾರೋಣ ಅನ್ನೋರು?" ಐದು.

ವೆಂಡೆಲ್‌ನ ಕೈ ಮಡಿಲಲ್ಲೇ ಇತ್ತು.

"ಆಯ್ತಮ್ಮ ಮಾರ್ಲಿಸ್, ನೀನೇ ಗೆದ್ದೆ," ಎಂದರು ಬರ್ನೀಸ್. ಎಲ್ಲರೂ ಕಾಫಿಗೆ ಎದ್ದರು. ಮಾರ್ಲಿಸ್ ಕೋಟು ಎತ್ತಿಕೊಂಡು ಹೊರಟುಹೋದಳು.

ಇವನೂ ಹಾಗೇ... ನನ್ನ ಮುಖ ನೋಡಿ ಸುಮ್ಮನಾಗಿಬಿಟ್ಟ.

ಹಿಮ ಸರಿಸಿದ ಅಂಗಳದಲ್ಲಿ ಅವನು ಓಡುತ್ತಾ ಬಂದ.

"ಟೀಚರ್, ನಿಲ್ಲಿ."

"ನಿಮ್ಮ ಕನಿಕರ ನಂಗೆ ಬೇಡ ವೆಂಡೆಲ್. ಸೋತಿದ್ರೆ ಸೋಲ್ತಿದ್ದೆ. ನೀವು ಕೈ ಎತ್ತಿ ನಂಗೆ ಅಡ್ಡ ನಿಲ್ತೀರಿ ಅಂತ ನಂಬಿದ್ದೆ."

"ಕನಿಕರ ಅಲ್ಲ..." ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಂಡಿದ. "ಕೂಟದ ನಿಯಮದಲ್ಲಿ ಒಂದು ಸಾಲಿದೆ. ಒಂದು ಮನೆಗೆ ಒಂದೇ ಮತ. ನಿಮ್ಮ ಕೈ ಎದ್ದಿತ್ತು. ಅದಕ್ಕೇ ನಾನು ಎತ್ತಲಿಲ್ಲ."

ಅವಳಿಗೆ ಅರ್ಥವಾಗಲು ಎರಡು ಉಸಿರು ಬೇಕಾಯಿತು.

"ನಾವು ಒಂದು ಮನೆಯವರಲ್ಲ."

"ಗೊತ್ತು. ತಿಂಗಳಿಂದ ನನ್ನ ತಲೆಯಲ್ಲಿ ಮಾತ್ರ ಒಂದಾಗಿದ್ವಿ. ಮೊದಲು ಕೇಳ್ಬೇಕಿತ್ತು. ಕೇಳೋ ಮೊದಲೇ ಒಂದೇ ಮನೆ ಅಂತ ಎಣಿಸಿಬಿಟ್ಟೆ. ತಪ್ಪು ನನ್ನದೇ."

ಅವಳು ಟೀಚರ್ ದನಿಯಲ್ಲೇ ಕೇಳಿದಳು, "ಬ್ರೈಟ್‌ಡಯಲ್ ಬಗ್ಗೆ ಈಗ ಏನನ್ನಿಸತ್ತೆ? ನಿಜ ಹೇಳಿ."

"ಮಾರ್ಬೇಕು. ನಿಮ್ಮ ತೀರ್ಮಾನ ಇವತ್ತೂ ತಪ್ಪೇ."

ಅವಳ ಎದೆಯ ಮೇಲಿನ ಭಾರ ಇಳಿದಂತಾಯಿತು. ನಗು ಬಂತು, ಕಣ್ಣೂ ಒದ್ದೆಯಾಯಿತು.

"ಹಾಗಾದ್ರೆ ಒಳಗೆ ಹೋಗಿ ಅದನ್ನೇ ಎಲ್ಲರೆದುರು ಹೇಳಿ. ಬರ್ನೀಸ್ ಇನ್ನೂ ನಡಾವಳಿಗೆ ಸಹಿ ಹಾಕಿರಲ್ಲ. ಆಮೇಲೆ ನನ್ನನ್ನ ಕೇಳೋದು ಕೇಳಿ."

ಅವನು ಒಳಗೆ ಹೋಗಿ, ಕಾಫಿ ಲೋಟಗಳ ನಡುವೆ ನಿಂತು ಕೈ ಎತ್ತಿದ. ಅವಳು ಬಾಗಿಲಲ್ಲಿ ನಿಂತು ನೋಡಿದಳು.

"ಆರಕ್ಕೆ ಆರು," ಬರ್ನೀಸ್ ನಿಟ್ಟುಸಿರುಬಿಟ್ಟರು. "ಸಮ ಬಂದ್ರೆ ಏಪ್ರಿಲ್ ಸಭೆಗೆ ಮುಂದಕ್ಕೆ. ಒಳ್ಳೇ ಜೋಡಿಯಪ್ಪ ನಿಮ್ಮದು."

ವೆಂಡೆಲ್ ಬಾಗಿಲ ಬಳಿ ಬಂದ. ದನಿ ತಗ್ಗಿಸಿದ.

"ಮಾರ್ಲಿಸ್... ನನ್ನ ಮದುವೆ ಆಗ್ತೀಯಾ?"

ಅವನು ಟೀಚರ್ ಅನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಆಗ್ತೀನಿ. ಏಪ್ರಿಲ್ ಒಳಗೇ ಆಗೋಣ. ಹನ್ನೆರಡು ಮತ ಹನ್ನೊಂದಾಗತ್ತೆ, ಮತ್ತೆ ಸಮ ಬರಲ್ಲ."

"ಆದ್ರೆ ಆ ಒಂದು ಮತಕ್ಕೆ ಕೈ ಎತ್ತೋರು ಯಾರು?"

ಅವಳು ಅವನ ತಣ್ಣಗಿನ ಬೆರಳುಗಳನ್ನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡಳು.

"ಮನೇಲಿ ಜಗಳ ಆಡಿ ತೀರ್ಮಾನ ಮಾಡೋಣ. ನೀನು ಮಾತ್ರ ಹೂಂಗುಟ್ಟಬೇಡ."

"ಇಲ್ಲ," ಎಂದ ವೆಂಡೆಲ್.