ಬೆಕ್ಕು ನೆಕ್ಕಿದ ಮದ್ದು

ಸಿರಾ ಪೇಟೆಯಲ್ಲಿ ಆ ಕಾಲಕ್ಕೆ ಬೆಕ್ಕಿಗೆ ಮನೆಯಲ್ಲಿಯೇ ಸೂಜಿಮದ್ದು ಕೊಡಬಲ್ಲವರೆಂದರೆ ಬಳೆ ಮಾರುವ ಖಾಜಾಬಿಯೊಬ್ಬರೇ. ಆ ವಿದ್ಯೆ ಸುಲಭಕ್ಕೆ ಒಲಿದದ್ದಲ್ಲ. ಮೊದಲು ಬದನೆಕಾಯಿಗೆ ಚುಚ್ಚಿ ಕೈ ಪಳಗಿಸಿಕೊಂಡರು. ಬಳಿಕ ಮೊಣಕೈವರೆಗೆ ಪರಚಿಸಿಕೊಂಡರು. ಕೊನೆಗೊಮ್ಮೆ, ತಾಯಿಬೆಕ್ಕು ಮರಿಯನ್ನು ಕಚ್ಚಿ ಹಿಡಿಯುವ ಕತ್ತಿನ ಸಡಿಲ ಚರ್ಮವನ್ನು ಬೆರಳುಗಳಿಂದ ಎತ್ತಿದರು. ಬೆಕ್ಕು ಮಂತ್ರ ಹಾಕಿದಂತೆ ತೆಪ್ಪಗಾಯಿತು. ಠಾಣೆಯ ದಫೇದಾರನಾಗಿದ್ದ ನಾನು ಗಸ್ತು ಮರೆತು ಕಿಟಕಿಯಿಂದ ಅದನ್ನು ನೋಡಿದ್ದೆ.

ಐವತ್ತೊಂಬತ್ತನೆಯ ಇಸವಿಯ ಬೇಸಿಗೆ. ಒಂದು ಬೆಳಿಗ್ಗೆ ಅವರೇ ಠಾಣೆಗೆ ಬಂದರು. ಕೈಯಲ್ಲೊಂದು ಮದ್ದಿನ ಸೀಸೆ.

“ದಫೇದಾರ್ರೇ, ನನ್ನ ಬೆಕ್ಕು ಮಖಮಲ್‌ನ ದವಾ ಯಾರೋ ಕದ್ದವ್ರೆ.”

“ಸೀಸೆ ಇಲ್ಲೇ ಇದೆಯಲ್ಲಮ್ಮ?”

“ಸೀಸೆ ಐತೆ. ಒಳಗಿರೋದು ಅದಲ್ಲ. ಚುಚ್ಚೋಕೆ ಮುಂಚೆ ಒಂದು ತೊಟ್ಟು ನೆಲಕ್ಕೆ ಬಿತ್ತು. ಅವನು ನೆಕ್ಕಿದ. ಇನ್ನೊಂದು ತೊಟ್ಟು ಹಾಕು ಅಂತ ನನ್ನ ಮುಖ ನೋಡ್ದ. ದಿನಾ ಆ ವಾಸನೆಗೇ ಮಂಚದ ಕೆಳಗೆ ಓಡೋನು.”

ನಾಯಿ ಕಚ್ಚಿದ ಗಾಯ ಕೀವುಗಟ್ಟಿ ಮಖಮಲ್ ಸಾಯುವುದರಲ್ಲಿತ್ತು. ಹಾಲಿನಂತೆ ಬೆಳ್ಳಗಿನ ಪೆನ್ಸಿಲಿನ್ನಿನಿಂದ ಚೇತರಿಸಿಕೊಳ್ಳುತ್ತಿತ್ತು. ನಡುವೆ ಮದ್ದು ತಪ್ಪಿದರೆ ಬೆಕ್ಕು ಉಳಿಯದೆಂದು ದನದ ಡಾಕ್ಟರು ಎಚ್ಚರಿಸಿದ್ದರು. ಹೊಸ ಸೀಸೆ ತುಮಕೂರಿನಿಂದ ಬರಬೇಕು. ಕದ್ದದ್ದು ಅಂದೇ ಸಿಗಬೇಕಿತ್ತು.

* * *

ಓಣಿಯವರೆಲ್ಲ ಬೆರಳು ತೋರಿದ್ದು ಕದಿರಯ್ಯನತ್ತ. ಡಾಕ್ಟರ ಕಾಂಪೌಂಡರ್, ಮದ್ದು ಕಲಸಿ ಕೊಟ್ಟವನು ಅವನೇ.

“ನಾನು ಸುಳ್ಳು ಮದ್ದು ಕೊಟ್ಟಿದ್ರೆ ನೆನ್ನೆಗಂಟ ಗಾಯ ಹೆಂಗೆ ಮಾಗ್ತಿತ್ತು ಸ್ವಾಮಿ?” ಎಂದ ಕದಿರಯ್ಯ. “ಆ ಬೆಕ್ಕನ್ನೇ ಕೇಳಿ. ನನ್ನ ಕಂಡ್ರೆ ಉಗೀತದೆ, ಆದ್ರೂ ಸುಳ್ಳು ಹೇಳಾಕಿಲ್ಲ.”

ಮಾತು ಸರಿ. ಹಾಗಾದರೆ ಅದಲುಬದಲು ನಡೆದದ್ದು ಖಾಜಾಬಿಯ ಮನೆಯಲ್ಲಿ. ಸೀಸೆಯಲ್ಲಿದ್ದುದನ್ನು ಅಂಗೈಗೆ ಬಿಟ್ಟು ಉಜ್ಜಿದೆ. ಹಾಲು. ಹಸುವಿನದಲ್ಲ, ಜಿಡ್ಡು ಹೆಚ್ಚು, ಉಣ್ಣೆಯ ವಾಸನೆ.

“ನಿಮ್ಮ ಓಣಿಯಲ್ಲಿ ಕುರಿ ಸಾಕಿದವರು ಯಾರಮ್ಮ?”

“ನಸ್ರುಲ್ಲಾ ಒಬ್ಬನೇ. ಕಾಳಗದ ಟಗರೂ ಐತೆ. ಪಾಪ, ದಿನಾ ಬಂದು ನಾನು ಚುಚ್ಚೋದನ್ನ ನೋಡ್ತಾನೆ. ನನ್ನ ಬೆಕ್ಕಿನ ಮೇಲೆ ಅಷ್ಟು ಪ್ರೀತಿ.”

ಹೇಳುತ್ತ ಹೇಳುತ್ತಲೇ ಅವರ ದನಿ ತಗ್ಗಿತು.

* * *

ನಾನೂ ಖಾಜಾಬಿಯೂ ಹೋದಾಗ ನಸ್ರುಲ್ಲಾನ ಹಿತ್ತಲಲ್ಲಿ ಕರಿಯ ಟಗರು ನಿಂತಿತ್ತು. ಮಧುಗಿರಿಯ ಕಾಳಗದಲ್ಲಿ ಅದರ ಕೊಂಬಿನ ಬುಡ ಬಿರಿದು ಕೀವು ಸೋರುತ್ತಿತ್ತು.

“ಏನು ಔಷಧಿ ಹಾಕಿದ್ದೀಯ?”

“ಬೇವಿನೆಣ್ಣೆ ಸಾಹೇಬ್ರೇ.”

ಟಗರಿನ ಕತ್ತಿನ ಉಣ್ಣೆ ಬಿಡಿಸಿದೆ. ಕರಿಯ ಕೂದಲಿನಲ್ಲಿ ಸುಣ್ಣದಂಥ ಬಿಳಿಯ ಹಕ್ಕಳೆ.

“ಬೇವಿನೆಣ್ಣೆ ಬೆಳ್ಳಗಿರುತ್ತದೇನಯ್ಯ?”

ಅವನು ಎಲ್ಲವನ್ನೂ ಒಪ್ಪಿಕೊಂಡ.

ಬೆಕ್ಕಿಗೆ ಚುಚ್ಚುವುದನ್ನಷ್ಟೇ ಅವನು ಕಂಡಿದ್ದ. ಟಗರಿಗೂ ಹಾಗೆಯೇ ಮಾಡಹೊರಟ. ಖಾಜಾಬಿ ಬಳೆ ಮಾರಲು ಹೋದಾಗ ಮದ್ದಿನ ಸೀಸೆ ಎತ್ತಿಕೊಂಡು, ಅಲ್ಲಿದ್ದ ಹಳೆಯ ಖಾಲಿ ಸೀಸೆಗೆ ಅವರದೇ ಸಿರಿಂಜಿನಿಂದ ಕುರಿಯ ಹಾಲು ತುಂಬಿಟ್ಟ. ಅದೇ ಸಿರಿಂಜನ್ನು ಹಿತ್ತಲಿಗೆ ಒಯ್ದು ಟಗರಿಗೆ ಚುಚ್ಚಿ, ಮರಳಿ ತಂದಿಟ್ಟ. ಆದರೆ ಟಗರಿನ ಕತ್ತಿನಲ್ಲಿ ಅವನು ಎತ್ತಿ ಹಿಡಿದದ್ದು ಚರ್ಮವನ್ನಲ್ಲ, ಬರಿಯ ಉಣ್ಣೆಯನ್ನು. ಸೂಜಿ ಈ ಮಗ್ಗುಲಲ್ಲಿ ಹೊಕ್ಕು ಆ ಮಗ್ಗುಲಲ್ಲಿ ಹೊರಬಂತು. ಮದ್ದು ಮೈಗೆ ಸೇರದೆ ಕೂದಲಲ್ಲೇ ಒಣಗಿತು.

ನೀರಿನ ಗುಡಾಣದ ಕೆಳಗಿನ ತಂಪು ಮರಳಿನಿಂದ ಅವನೇ ಸೀಸೆ ತೆಗೆದುಕೊಟ್ಟ.

“ಕೇಳಿದ್ರೆ ನೀನು ಕೊಡ್ತಿರಲಿಲ್ಲ ಆಪಾ. ಇದು ಹೋದ್ರೆ ನನ್ನ ಮಗ ಹೋದಂಗೆ,” ಎಂದು ಅಕ್ಕನನ್ನು ಬೇಡುವಂತೆ ಖಾಜಾಬಿಯತ್ತ ಕೈ ಮುಗಿದ.

“ನನ್ನದು ಹೋದ್ರೆ ಯಾರು ಹೋದಂಗೋ? ಆ ಹಾಲು ಚುಚ್ಚಿಬುಟ್ಟಿದ್ರೆ?”

* * *

ಸಿರಿಂಜು ಕುದಿಸಿ, ಖಾಜಾಬಿ ಮೊದಲು ಮಖಮಲ್‌ಗೆ ಮದ್ದು ಕೊಟ್ಟರು. ಅದಕ್ಕೆ ಮುಂದೆ ಬೇಕಾದಷ್ಟನ್ನು ಸೀಸೆಯಲ್ಲೇ ಉಳಿಸಿದರು. ನಾನು ದೂರು ಬರೆಯಲು ಕಾಗದ ತೆಗೆದೆ. ಅವರು ಮಿಕ್ಕ ಮದ್ದನ್ನು ಸಿರಿಂಜಿಗೆ ಎಳೆದುಕೊಂಡು ನೇರ ನಸ್ರುಲ್ಲಾನ ಹಿತ್ತಲಿಗೆ ನಡೆದರು.

ಟಗರು ತಲೆ ತಗ್ಗಿಸಿ ನೆಲ ಕೆರೆಯಿತು.

“ತೊಡೆಗೆ ಹಾಕಮ್ಮ,” ಎಂದ ಸುದ್ದಿ ಕೇಳಿ ಬಂದಿದ್ದ ಕದಿರಯ್ಯ, ಬೇಲಿಯಾಚೆಯಿಂದಲೇ.

“ಹಿಡ್ಕೊಳ್ಳೋ ಕಳ್ಳ,” ಎಂದರು ಖಾಜಾಬಿ, ನಸ್ರುಲ್ಲಾನಿಗೆ.

ಕಳ್ಳನ ಟಗರಿಗೂ ತಮ್ಮ ಬೆಕ್ಕಿಗೆ ಚುಚ್ಚಿದಷ್ಟೇ ಮೆಲ್ಲಗೆ ಚುಚ್ಚಿದರು. ನಾನು ಟೋಪಿ ತೆಗೆದು ನಿಂತುಬಿಟ್ಟೆ.

“ದೂರು ಬೇಡ ದಫೇದಾರ್ರೇ. ಕದಿರಯ್ಯ ಕಳ್ಳ ಅಲ್ಲ, ನಾನು ಅಂತ ಇವನು ಓಣಿ ಮುಂದೆ ನಿಂತು ಹೇಳ್ಲಿ.”

ಹೇಳಿದ. ಅಳುತ್ತಲೇ ಹೇಳಿದ.

ಇಷ್ಟಕ್ಕೆ ನಿಲ್ಲಿಸಿದರೆ ನನ್ನ ಮೊಮ್ಮಗಳು ಬಿಡುವುದಿಲ್ಲ.

“ಬೆಕ್ಕು ಬದುಕ್ತಾ ತಾತ?”

“ಬದುಕಿತು. ಟಗರೂ ಬದುಕಿತು.”

“ಹಂಗಾದ್ರೆ ಮೊದಲಿಂದ ಹೇಳು. ಈ ಸಲ ಟಗರು ಹಿಡ್ಕೊಳ್ಳೋದು ನಾನು.”